ಓರ್ಕಾ ಮಾತಾಡದಿದ್ದರೆ: ಅಂಧ ಬಳಕೆದಾರರಿಗೆ ಲಿನಕ್ಸ್ ದೋಷ ನಿವಾರಣೆ ಕೈಪಿಡಿ

ಲ್ಯಾಪ್‌ಟಾಪ್ ಆನ್ ಆಗಿದೆ, ಫ್ಯಾನ್ ತಿರುಗುವ ಸದ್ದು ಕೇಳುತ್ತಿದೆ, ಆದರೆ ಪರದೆಯನ್ನು ಓದಿ ಹೇಳುವ ಓರ್ಕಾದ ಮಾತಿಲ್ಲ. ಕಣ್ಣು ಕಾಣುವವರಿಗೆ ಇದು ಸೌಂಡ್ ಕೆಟ್ಟ ಯಂತ್ರ. ಅಂಧ ಬಳಕೆದಾರರಿಗೆ ಪರದೆಯೇ ಕಳಚಿ ಹೋದಂತೆ. ಇಂಥ ಹೊತ್ತಿನಲ್ಲಿ ಶಿರಸಿಯಲ್ಲಿರಲಿ, ಕಾರವಾರದಲ್ಲಿರಲಿ, ಹೆಚ್ಚಿನವರು ಮಾಡುವುದು ಒಂದೇ: ಪೇಟೆಯ ಅಂಗಡಿಗೆ ಒಯ್ದು ಎಲ್ಲ ಅಳಿಸಿ ಮತ್ತೆ ಹಳೇ ವಿಂಡೋಸ್ ಹಾಕಿಸುವುದು. ಅದರ ಅಗತ್ಯ ಬಹಳ ಅಪರೂಪ. ಮೌನಕ್ಕೆ ಹತ್ತಾರು ಕಾರಣಗಳಿರಬಹುದು, ಆದರೆ ಅದು ಎಲ್ಲಿ ಶುರುವಾಗಿದೆ ಎಂದು ಕಿವಿಯಿಂದಲೇ ಪತ್ತೆ ಹಚ್ಚಬಹುದು, ಮನೆಯಲ್ಲೇ ಕೂತು.

ಇಲ್ಲಿನ ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದೆ, ಫೋನಿನಲ್ಲಿ ಒಬ್ಬರು ಓದಿ ಇನ್ನೊಬ್ಬರು ಟೈಪ್ ಮಾಡಲು ಅನುಕೂಲವಾಗಲಿ ಎಂದು. ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದೇ ಹೇಳಿದೆ. ಸೂಪರ್ ಕೀ ಎಂದರೆ ವಿಂಡೋಸ್ ಗುರುತಿನ ಕೀ.

ಮಾತು ಬರುವ ದಾರಿ

ಪರದೆಯ ಮೇಲಿನ ಅಕ್ಷರ ಕಿವಿಗೆ ಬರುವಷ್ಟರಲ್ಲಿ ಆರು ಕೈ ದಾಟುತ್ತದೆ. ಬ್ರೌಸರೋ ಫೈಲ್ ಮ್ಯಾನೇಜರೋ ತನ್ನೊಳಗಿನದನ್ನು ಎಟಿ-ಎಸ್‌ಪಿಐ ಎಂಬ ವ್ಯವಸ್ಥೆಗೆ ಒಪ್ಪಿಸುತ್ತದೆ. ಓರ್ಕಾ ಎಂಬ ಸ್ಕ್ರೀನ್ ರೀಡರ್ ಅದನ್ನು ಓದಿ, ಏನನ್ನು ಹೇಳಬೇಕು ಎಂದು ತೀರ್ಮಾನಿಸುತ್ತದೆ. ಓರ್ಕಾ ಅದನ್ನು ಸ್ಪೀಚ್ ಡಿಸ್ಪ್ಯಾಚರ್‌ಗೆ ಕೊಡುತ್ತದೆ. ಸ್ಪೀಚ್ ಡಿಸ್ಪ್ಯಾಚರ್ ಇಸ್ಪೀಕ್ ಎನ್‌ಜಿ ಎಂಬ ಧ್ವನಿ ಎಂಜಿನ್‌ಗೆ ದಾಟಿಸುತ್ತದೆ. ಅಲ್ಲಿ ತಯಾರಾದ ಧ್ವನಿ ಪೈಪ್‌ವೈರ್ ಎಂಬ ಸದ್ದಿನ ವ್ಯವಸ್ಥೆಗೆ ಹೋಗಿ, ಕೊನೆಗೆ ಲಿನಕ್ಸಿನ ತಿರುಳಾದ ಕರ್ನೆಲ್‌ನ ಡ್ರೈವರ್ ಮೂಲಕ ಸೌಂಡ್‌ಕಾರ್ಡ್ ಮುಟ್ಟುತ್ತದೆ.

ಪರೀಕ್ಷೆಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಮಾಡಬೇಕು. ಸೌಂಡ್‌ಕಾರ್ಡೇ ಸುಮ್ಮನಿರುವಾಗ ಓರ್ಕಾದ ಸೆಟ್ಟಿಂಗ್ ತಿದ್ದುತ್ತ ಕೂತರೆ, ಮೊದಲು ಸರಿಯಿದ್ದದ್ದೂ ಕೆಡುತ್ತದೆ.

ಅದಕ್ಕೂ ಮೊದಲು

ಓರ್ಕಾ ಕೀ ಮತ್ತು ಎಸ್ ಒಟ್ಟಿಗೆ ಒತ್ತಿ ನೋಡಿ. ಓರ್ಕಾ ಕೀ ಎಂದರೆ ಡೆಸ್ಕ್‌ಟಾಪ್ ವಿನ್ಯಾಸದಲ್ಲಿ ಇನ್ಸರ್ಟ್, ಲ್ಯಾಪ್‌ಟಾಪ್ ವಿನ್ಯಾಸದಲ್ಲಿ ಕ್ಯಾಪ್ಸ್ ಲಾಕ್. ಈ ಜೋಡಿ ಮಾತನ್ನು ನಿಲ್ಲಿಸುತ್ತದೆ, ಮತ್ತೊಮ್ಮೆ ಒತ್ತಿದರೆ ಮರಳಿ ತರುತ್ತದೆ. ಕೈತಪ್ಪಿ ಒತ್ತಿ ಹೋದದ್ದು ಗೊತ್ತೇ ಆಗುವುದಿಲ್ಲ. ಹೊಸಬರ ಯಂತ್ರ ಮೂಕಾದಾಗ ಮೊದಲು ಅನುಮಾನಪಡಬೇಕಾದದ್ದು ಇದನ್ನೇ.

ಎರಡನೆಯದು, ಆಲ್ಟ್, ಸೂಪರ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿ. ಲಿನಕ್ಸಿನ ಗ್ನೋಮ್ ಎಂಬ ಡೆಸ್ಕ್‌ಟಾಪ್‌ನಲ್ಲಿ ಇದು ಓರ್ಕಾವನ್ನು ಶುರು ಮಾಡುತ್ತದೆ, ಓಡುತ್ತಿದ್ದರೆ ನಿಲ್ಲಿಸುತ್ತದೆ. ಒತ್ತಿದ ಮೇಲೆ ಕನಿಷ್ಠ 10 ಸೆಕೆಂಡ್ ಕಾಯಬೇಕು. ಹಳೆಯ ಹಾರ್ಡ್‌ಡಿಸ್ಕ್ ಇರುವ ಯಂತ್ರಕ್ಕೆ ಇನ್ನೂ ಹೆಚ್ಚು ಬೇಕು. ಕಾಯದೆ ಮತ್ತೆ ಮತ್ತೆ ಒತ್ತಿದರೆ ಶುರುವಾದದ್ದು ನಿಲ್ಲುತ್ತದೆ, ನಿಂತದ್ದು ಶುರುವಾಗುತ್ತದೆ, ಕೊನೆಗೆ ಯಾವ ಸ್ಥಿತಿಯಲ್ಲಿದೆ ಎಂಬುದೇ ತಿಳಿಯುವುದಿಲ್ಲ.

ಮೂರನೆಯದು, ಎಫ್‌ಎನ್ ಕೀ ಜೊತೆಗಿನ ಮ್ಯೂಟ್ ಮತ್ತು ವಾಲ್ಯೂಮ್. ವಾಲ್ಯೂಮ್ ಏರಿಸುವಾಗ ಟಕ್ ಟಕ್ ಸದ್ದು ಬಂದರೆ ಸೌಂಡ್‌ಕಾರ್ಡ್‌ವರೆಗಿನ ದಾರಿ ಸರಿಯಿದೆ ಎಂದರ್ಥ. ಆಗ ದೋಷ ಇರುವುದು ಅದಕ್ಕಿಂತ ಮೇಲೆ.

ಹಾಕುವಾಗಲೇ ಮೂಕವಾದರೆ

ಕಣ್ಣಿನ ನೆರವಿಲ್ಲದೆ ಮೊದಲಿನಿಂದ ಕೊನೆಯವರೆಗೆ ಹಾಕಿಕೊಳ್ಳಲು ಲಿನಕ್ಸಿನ ಒಂದು ರೂಪವಾದ ಡೆಬಿಯನ್ ಒಳ್ಳೆಯ ಆಯ್ಕೆ. ಅದರ ಬೂಟ್ ಮೆನು ಬೀಪ್ ಮಾಡುತ್ತದೆ. ಬೀಪ್ ಕೇಳಿದ ಕೂಡಲೇ ಎಸ್ ಒತ್ತಿ ಎಂಟರ್ ಕೊಟ್ಟರೆ ಮಾತಾಡುವ ಅನುಸ್ಥಾಪನೆ ಶುರುವಾಗುತ್ತದೆ. ಪ್ರಶ್ನೆಗಳನ್ನು ಓದುತ್ತದೆ, ಆಯ್ಕೆಗಳಿಗೆ ಸಂಖ್ಯೆ ಕೊಡುತ್ತದೆ. ಸಂಖ್ಯೆ ಟೈಪ್ ಮಾಡಿ ಎಂಟರ್ ಕೊಡುತ್ತ ಹೋಗಬೇಕು. ಹಿಂದಿನ ಪ್ರಶ್ನೆಗೆ ಮರಳಲು ‘ಕಡಿಮೆ’ ಚಿಹ್ನೆ (ಇಂಗ್ಲಿಷಿನಲ್ಲಿ ಲೆಸ್ ದ್ಯಾನ್, <) ಒತ್ತಿ ಎಂಟರ್.

ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಬೀಪ್ ಕೊಡುವ ಪುಟ್ಟ ಸ್ಪೀಕರೇ ಇಲ್ಲ. ಬೀಪ್ ಬರಲಿಲ್ಲ ಎಂದು ಬೂಟ್ ಆಗಿಲ್ಲ ಎಂದುಕೊಳ್ಳಬೇಡಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ 20 ಸೆಕೆಂಡ್ ಕಾದು ಎಸ್, ಎಂಟರ್ ಒತ್ತಿ. ಒಂದಕ್ಕಿಂತ ಹೆಚ್ಚು ಸೌಂಡ್‌ಕಾರ್ಡ್ ಇದ್ದರೆ (ಎಚ್‌ಡಿಎಂಐ ಒಂದು, ಸ್ಪೀಕರ್ ಇನ್ನೊಂದು, ಹಾಗೆ) ಒಂದೊಂದರಲ್ಲೂ ಸರದಿಯ ಮೇಲೆ ಮಾತಾಡಿ, ಕೇಳಿದಾಗ ಎಂಟರ್ ಒತ್ತಿ ಎನ್ನುತ್ತದೆ. ಗಾಬರಿಯಲ್ಲಿ ಮೊದಲೇ ಎಂಟರ್ ಒತ್ತಿದರೆ ಮಾತೆಲ್ಲ ಎಚ್‌ಡಿಎಂಐಗೆ ಹೋಗಿ, ನಿಮ್ಮ ಕಿವಿಗೆ ಏನೂ ಬರುವುದಿಲ್ಲ. ಪವರ್ ಬಟನ್ ಒತ್ತಿ ಹಿಡಿದು ಆರಿಸಿ, ಮತ್ತೆ ಶುರು ಮಾಡಿ. ಡಿಸ್ಕ್ ಭಾಗ ಮಾಡುವ ಹಂತ ಇನ್ನೂ ಬಂದಿಲ್ಲವಾದ್ದರಿಂದ ಏನೂ ಕಳೆದುಹೋಗಿರುವುದಿಲ್ಲ.

ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಆನ್ ಆಗುತ್ತಿದ್ದಂತೆ ಪದೇ ಪದೇ ಒತ್ತಬೇಕಾದ ಕೀ ಡೆಲ್, ಲೆನೊವೊ, ಏಸರ್‌ನಲ್ಲಿ ಎಫ್ 12, ಎಚ್‌ಪಿಯಲ್ಲಿ ಎಫ್ 9, ಏಸಸ್‌ನಲ್ಲಿ ಎಸ್ಕೇಪ್. ಈ ಬೂಟ್ ಪಟ್ಟಿ ಮಾತಾಡುವುದಿಲ್ಲ. ಒಂದೇ ಒಂದು ಸಲ ಕಣ್ಣು ಕಾಣುವವರ ನೆರವು ಪಡೆದು, ಇಲ್ಲವೇ ವೀಡಿಯೋ ಕಾಲ್‌ನಲ್ಲಿ ಓದಿಸಿಕೊಂಡು, ಯಂತ್ರದ ಮೂಲ ಸೆಟ್ಟಿಂಗ್ ಆದ ಬಯೋಸ್‌ನಲ್ಲಿ ಯುಎಸ್‌ಬಿಯನ್ನು ಮೊದಲ ಸ್ಥಾನಕ್ಕೆ ತಂದಿಟ್ಟುಬಿಡಿ. ಮುಂದೆ ಯಾರನ್ನೂ ಕರೆಯಬೇಕಾಗಿಲ್ಲ.

ಮಧ್ಯದಲ್ಲಿ ನಿಂತುಹೋಗುವುದಕ್ಕೆ ನಮ್ಮ ಕಡೆ ಇನ್ನೊಂದು ಕಾರಣವಿದೆ. ನೆಟ್‌ಇನ್‌ಸ್ಟ್ ಎಂಬ ಡೆಬಿಯನ್‌ನ ಚಿಕ್ಕ ಅನುಸ್ಥಾಪನಾ ಕಡತ ಉಳಿದದ್ದನ್ನೆಲ್ಲ ಇಂಟರ್ನೆಟ್‌ನಿಂದ ಎಳೆದುಕೊಳ್ಳುತ್ತದೆ. ಘಟ್ಟದ ಮೇಲಿನ ಹಳ್ಳಿಗಳಲ್ಲಿ, ಜೋಯಿಡಾ ಕಡೆಯಲ್ಲಿ, ಮಳೆಗಾಲದಲ್ಲಿ ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುತ್ತದೆ. ಅಲ್ಲಿಗೆ ಡಿವಿಡಿ-1 ಎಂಬ ದೊಡ್ಡ ಕಡತವೇ ಸರಿ. ಸುಮಾರು 4 ಜಿಬಿ ಆಗುತ್ತದೆ, 8 ಜಿಬಿ ಪೆನ್‌ಡ್ರೈವ್ ಸಾಕು. ಪೇಟೆಗೆ ಹೋದಾಗ ಇಳಿಸಿಕೊಂಡು, ಕಡತ ಕೆಡದೆ ಇಳಿದಿದೆಯೇ ಎಂದು ತಿಳಿಸುವ ಎಸ್‌ಎಚ್‌ಎ 256 ಮೊತ್ತ ಹೊಂದುತ್ತದೆಯೇ ನೋಡಿಕೊಂಡು ಪೆನ್‌ಡ್ರೈವ್‌ಗೆ ಬರೆಯಿರಿ. ಲ್ಯಾಪ್‌ಟಾಪ್ ಬ್ಯಾಟರಿ ತುಂಬಿದ ಮೇಲೆಯೇ ಕೆಲಸ ಶುರು ಮಾಡಿ.

ಮೂರು ಉತ್ತರಗಳನ್ನು ಮೊದಲೇ ತಿಳಿದುಕೊಂಡಿರಿ. ಭಾಷೆ ಕೇಳಿದಾಗ ಇಂಗ್ಲಿಷನ್ನೇ ಇಟ್ಟುಕೊಳ್ಳಿ, ಕನ್ನಡವನ್ನು ಆಮೇಲೆ ಹಾಕಿಕೊಳ್ಳಬಹುದು. ರೂಟ್ (ಯಂತ್ರದ ಪೂರ್ಣ ಅಧಿಕಾರದ ಖಾತೆ) ಪಾಸ್‌ವರ್ಡ್ ಕೇಳಿದಾಗ ಖಾಲಿ ಬಿಡಿ. ಹಾಗೆ ಬಿಟ್ಟರೆ ನಿಮ್ಮ ಖಾತೆಗೇ ಸುಡೋ, ಅಂದರೆ ರೂಟ್‌ನ ಕೆಲಸ ಮಾಡುವ ಅಧಿಕಾರ ಸಿಗುತ್ತದೆ, ಮುಂದಿನ ರಿಪೇರಿಗಳಿಗೆ ಅದು ಬೇಕು. ಕಾರ್ಯಕ್ರಮಗಳ ಪಟ್ಟಿ ಬಂದಾಗ ‘ಎಸ್‌ಎಸ್‌ಎಚ್ ಸರ್ವರ್’ ಅನ್ನೂ ಆರಿಸಿ. ಅದು ಏಕೆಂದು ಕೊನೆಯಲ್ಲಿ ಹೇಳಿದೆ.

ಕೆಳಗಿನಿಂದ ಮೇಲಕ್ಕೆ ಪರೀಕ್ಷೆ

ಮೂಕ ಯಂತ್ರದಲ್ಲಿ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅದಕ್ಕೆ ಆಲ್ಟ್ ಮತ್ತು ಎಫ್ 2 ಒತ್ತಿ, ಎರಡು ಸೆಕೆಂಡ್ ಬಿಟ್ಟು, ಕಮಾಂಡನ್ನು ಅಲ್ಲೇ ಟೈಪ್ ಮಾಡಿ ಎಂಟರ್ ಕೊಡಿ.

ಮೊದಲ ಕಮಾಂಡ್: ಸ್ಪೀಕರ್ ಹೈಫನ್ ಟೆಸ್ಟ್, ಸ್ಪೇಸ್, ಹೈಫನ್ ಟಿ, ಸ್ಪೇಸ್, ಡಬ್ಲ್ಯು ಎ ವಿ, ಸ್ಪೇಸ್, ಹೈಫನ್ ಸಿ, ಸ್ಪೇಸ್, 2, ಸ್ಪೇಸ್, ಹೈಫನ್ ಎಲ್, ಸ್ಪೇಸ್, 2. ಎಡ ಸ್ಪೀಕರ್‌ನಲ್ಲೊಮ್ಮೆ, ಬಲದಲ್ಲೊಮ್ಮೆ ಹೆಂಗಸಿನ ಧ್ವನಿಯೊಂದು ಇಂಗ್ಲಿಷಿನಲ್ಲಿ ದಿಕ್ಕು ಹೇಳುತ್ತದೆ. ಕೊನೆಯ ಹೈಫನ್ ಎಲ್ ಮತ್ತು 2 ಹಾಕದಿದ್ದರೆ ಹೇಳುತ್ತಲೇ ಇರುತ್ತದೆ.

ಅದು ಕೇಳದಿದ್ದರೆ ದೋಷ ತಳದಲ್ಲೇ ಇದೆ. ಮ್ಯೂಟ್ ತೆಗೆಯಲು: ಡಬ್ಲ್ಯು ಪಿ ಸಿ ಟಿ ಎಲ್, ಸ್ಪೇಸ್, ಸೆಟ್ ಹೈಫನ್ ಮ್ಯೂಟ್, ಸ್ಪೇಸ್, ಎಟ್ ಚಿಹ್ನೆ, ದೊಡ್ಡಕ್ಷರದಲ್ಲಿ ಡಿಫಾಲ್ಟ್ ಅಂಡರ್‌ಸ್ಕೋರ್ ಆಡಿಯೋ ಅಂಡರ್‌ಸ್ಕೋರ್ ಸಿಂಕ್, ಮತ್ತೆ ಎಟ್ ಚಿಹ್ನೆ, ಸ್ಪೇಸ್, ಸೊನ್ನೆ. ಸೆಟ್ ಹೈಫನ್ ಮ್ಯೂಟ್ ಇದ್ದ ಜಾಗದಲ್ಲಿ ಸೆಟ್ ಹೈಫನ್ ವಾಲ್ಯೂಮ್, ಸೊನ್ನೆಯ ಜಾಗದಲ್ಲಿ 60 ಶೇಕಡಾ ಚಿಹ್ನೆ ಹಾಕಿದರೆ ವಾಲ್ಯೂಮ್ ಸರಿಯಾಗುತ್ತದೆ. ಆಗಲೂ ಸದ್ದಿಲ್ಲ ಎಂದರೆ ಟಿವಿಗೋ ಮಾನಿಟರ್‌ಗೋ ಹೋಗುವ ಎಚ್‌ಡಿಎಂಐ ತಂತಿ ಕಿತ್ತು ನೋಡಿ. ಆಮೇಲೆ ಒಂದು ಯುಎಸ್‌ಬಿ ಹೆಡ್‌ಸೆಟ್ ಚುಚ್ಚಿ. ಅದು ತನ್ನದೇ ಸೌಂಡ್‌ಕಾರ್ಡ್ ಹೊತ್ತು ಬರುವುದರಿಂದ ಒಳಗಿನ ಕಾರ್ಡ್ ಸತ್ತಿದ್ದರೂ ಮಾತು ಬರುತ್ತದೆ. ಅಂಧ ಬಳಕೆದಾರರ ಬ್ಯಾಗಿನಲ್ಲಿ ಇದು ಸದಾ ಇರಲೇಬೇಕು. ಇಂಟೆಲ್‌ನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಯುಎಸ್‌ಬಿಯಲ್ಲಿ ಮಾತ್ರ ಮಾತು ಬಂದು ಸ್ವಂತ ಸ್ಪೀಕರ್ ಸುಮ್ಮನಿದ್ದರೆ, ಸೌಂಡ್ ಓಪನ್ ಫರ್ಮ್‌ವೇರ್ ಇಲ್ಲ ಎಂದು ಅನುಮಾನಿಸಬೇಕು. ಡೆಬಿಯನ್‌ನಲ್ಲಿ ಆ ಪ್ಯಾಕೇಜಿನ ಹೆಸರು ಫರ್ಮ್‌ವೇರ್ ಹೈಫನ್ ಎಸ್ ಓ ಎಫ್ ಹೈಫನ್ ಸೈನ್ಡ್. 2023ರ ಡೆಬಿಯನ್ 12ರಿಂದ ಇಂಥ ಫರ್ಮ್‌ವೇರ್ ಅಧಿಕೃತ ಕಡತದಲ್ಲೇ ಬರುತ್ತದೆ, ಹಿಂದಿನ ಆವೃತ್ತಿಗಳಲ್ಲಿ ಬರುತ್ತಿರಲಿಲ್ಲ.

ಎರಡನೇ ಕಮಾಂಡ್: ಇ ಎಸ್ ಪಿ ಇ ಎ ಕೆ ಹೈಫನ್ ಎನ್ ಜಿ, ಸ್ಪೇಸ್, ಹಲೋ. ಇದು ಮಾತಾಡಿದರೆ ಧ್ವನಿ ಎಂಜಿನ್ ಸರಿಯಿದೆ.

ಮೂರನೆಯದು: ಎಸ್ ಪಿ ಡಿ ಹೈಫನ್ ಎಸ್ ಎ ವೈ, ಸ್ಪೇಸ್, ಹಲೋ. ಇಸ್ಪೀಕ್ ಮಾತಾಡಿ ಇದು ಮಾತಾಡದಿದ್ದರೆ ಸಿಕ್ಕಿಹಾಕಿಕೊಂಡಿರುವುದು ಸ್ಪೀಚ್ ಡಿಸ್ಪ್ಯಾಚರ್. ಕಿಲ್‌ಆಲ್ (ಕೆ ಐ ಎಲ್ ಎಲ್ ಎ ಎಲ್ ಎಲ್), ಸ್ಪೇಸ್, ಸ್ಪೀಚ್ ಹೈಫನ್ ಡಿಸ್ಪ್ಯಾಚರ್ ಎಂದು ಕೊಟ್ಟು ಅದನ್ನು ಬೀಳಿಸಿ. ಬೇಕಾದಾಗ ತಾನೇ ಎದ್ದು ಬರುತ್ತದೆ. ಕೆಲವೊಮ್ಮೆ ಹಲೋ ಬದಲು, ಬೇರೆ ಔಟ್‌ಪುಟ್ ಮಾಡ್ಯೂಲ್ ಸಿಗಲಿಲ್ಲ ಎಂಬ ಇಂಗ್ಲಿಷ್ ಧ್ವನಿಮುದ್ರಿಕೆ ಕೇಳುತ್ತದೆ. ಅದು ಒಳ್ಳೆಯ ಸುದ್ದಿ: ಡಿಸ್ಪ್ಯಾಚರ್ ಸರಿಯಿದೆ, ಅದನ್ನು ಇಸ್ಪೀಕ್‌ಗೆ ಜೋಡಿಸುವ ಪ್ಯಾಕೇಜ್ ಮಾತ್ರ ಇಲ್ಲ. ಸ್ಪೀಚ್ ಹೈಫನ್ ಡಿಸ್ಪ್ಯಾಚರ್ ಹೈಫನ್ ಇಸ್ಪೀಕ್ ಹೈಫನ್ ಎನ್‌ಜಿ ಹಾಕಿದರೆ ಸರಿಹೋಗುತ್ತದೆ.

ಮೂರೂ ಮಾತಾಡಿ ಓರ್ಕಾ ಮಾತ್ರ ಸುಮ್ಮನಿದ್ದರೆ: ಓ ಆರ್ ಸಿ ಎ, ಸ್ಪೇಸ್, ಹೈಫನ್ ಹೈಫನ್ ರಿಪ್ಲೇಸ್. ಹಳೆಯದನ್ನು ಕೆಳಗಿಳಿಸಿ ಹೊಸದೊಂದು ಓರ್ಕಾ ಬರುತ್ತದೆ.

ಪರೀಕ್ಷೆ ಮಾಡುತ್ತ ಟರ್ಮಿನಲ್‌ಗೆ ಹೋದರೆ, ಅಲ್ಲಿ ಬಂದ ಉತ್ತರವನ್ನು ಓರ್ಕಾ ಇಲ್ಲದೆಯೂ ಕೇಳಬಹುದು. ಯಾವುದೇ ಕಮಾಂಡಿನ ಕೊನೆಗೆ ಪೈಪ್ ಚಿಹ್ನೆ ಹಾಕಿ ಇಸ್ಪೀಕ್ ಹೈಫನ್ ಎನ್‌ಜಿ ಎಂದು ಸೇರಿಸಿ. ಉತ್ತರವೆಲ್ಲ ಗಟ್ಟಿಯಾಗಿ ಓದಿ ಹೇಳುತ್ತದೆ. ಇನ್ನೊಂದು ಮಾತು ನೆನಪಿಡಿ: ಸುಡೋ ಪಾಸ್‌ವರ್ಡ್ ಟೈಪ್ ಮಾಡುವಾಗ ಟರ್ಮಿನಲ್ ನಕ್ಷತ್ರ ಚಿಹ್ನೆಯನ್ನೂ ತೋರಿಸುವುದಿಲ್ಲ, ಹಾಗಾಗಿ ಓರ್ಕಾಗೆ ಹೇಳಲು ಏನೂ ಇರುವುದಿಲ್ಲ. ಅದು ದೋಷವಲ್ಲ. ಪೂರ್ತಿ ಟೈಪ್ ಮಾಡಿ ಎಂಟರ್ ಕೊಡಿ.

ಕಂಟ್ರೋಲ್, ಆಲ್ಟ್, ಎಫ್ 3 ಒತ್ತಿ ಹೋಗುವ ಅಕ್ಷರ ಕನ್ಸೋಲ್‌ನಲ್ಲಿ ಮಾತು ಬಂದು ಡೆಸ್ಕ್‌ಟಾಪ್‌ನಲ್ಲಿ ಬರದಿದ್ದರೆ, ಕನ್ಸೋಲ್‌ಗೆ ಧ್ವನಿ ಕೊಡುವ ಇಸ್ಪೀಕಪ್ ಸೌಂಡ್‌ಕಾರ್ಡನ್ನು ಹಿಡಿದು ಕೂತಿರಬಹುದು. ಸುಡೋ, ಸಿಸ್ಟಮ್‌ಸಿಟಿಎಲ್, ಸ್ಟಾಪ್, ಇಸ್ಪೀಕಪ್ ಎಂದು ಅದನ್ನು ನಿಲ್ಲಿಸಿ ಡೆಸ್ಕ್‌ಟಾಪ್‌ಗೆ ಮರಳಿ ನೋಡಿ.

ಉಪ್ಪುಗಾಳಿ ಮತ್ತು ಹೆಡ್‌ಫೋನ್ ಜ್ಯಾಕ್

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಯಂತ್ರಗಳಿಗೆ ಈ ಭಾಗ ಬೇಕೇ ಬೇಕು. ಹೆಡ್‌ಫೋನ್ ತೂತಿನೊಳಗೆ, ಪಿನ್ ಹೊಕ್ಕಿದೆಯೋ ಇಲ್ಲವೋ ಎಂದು ತಿಳಿಸುವ ಸಣ್ಣ ಸ್ಪ್ರಿಂಗ್ ಎಲೆಯೊಂದು ಇರುತ್ತದೆ. ಉಪ್ಪು ಮತ್ತು ತೇವದಿಂದ ಅದರ ಮೇಲೆ ಕಿಲುಬು ಕಟ್ಟಿದರೆ ಹೆಡ್‌ಫೋನ್ ಇಲ್ಲದಿದ್ದರೂ ಇದೆ ಎಂದೇ ಯಂತ್ರ ತಿಳಿಯುತ್ತದೆ, ಸ್ಪೀಕರ್ ಮುಚ್ಚುತ್ತದೆ. ಲಿನಕ್ಸ್‌ನ ಮೇಲೆ ತಪ್ಪು ಹೊರಿಸುವ ಮೊದಲು ಹೆಡ್‌ಫೋನ್ ಪಿನ್ ಒಳಗೆ ಹಾಕಿ ಅಲ್ಲೇ ತಿರುಗಿಸಿ, ಹೊರಗೆಳೆದು, ಹತ್ತು ಹದಿನೈದು ಸಲ ಹೀಗೆ ಮಾಡಿ. ಯಾವುದೋ ಒಂದು ಸಲ ಸ್ಪೀಕರ್ ಥಟ್ಟನೆ ಮಾತಾಡಿದರೆ ಕಾರಣ ಸಿಕ್ಕಿತು. ಯಂತ್ರ ಆರಿಸಿ, ಪಿನ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತೆಳ್ಳಗೆ ಸವರಿ ಇದೇ ರೀತಿ ಉಜ್ಜಿ, ಅರ್ಧ ಗಂಟೆ ಒಣಗಲು ಬಿಟ್ಟು ಆನ್ ಮಾಡಿ. ಹತ್ತಿ ತುರುಕಬೇಡಿ, ಎಳೆ ಒಳಗೇ ಉಳಿಯುತ್ತದೆ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ, ಧೂಳು ಹಿಡಿದು ಇನ್ನಷ್ಟು ಕೆಡುತ್ತದೆ.

ಮೊದಲ ಅಕ್ಷರ ನುಂಗಿದರೆ

ಇದನ್ನು ಸಣ್ಣ ತೊಂದರೆ ಎಂದು ಬಿಟ್ಟುಬಿಡುವವರು ಹೆಚ್ಚು, ಬಿಡಬಾರದು. ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ವಿದ್ಯುತ್ ಉಳಿಸಲು ಸೌಂಡ್‌ಕಾರ್ಡ್ ಮಲಗುತ್ತದೆ. ಓರ್ಕಾ ಮಾತಾಡಲು ಶುರು ಮಾಡಿದಾಗ ಅದು ಎದ್ದು ಕೂರುವಷ್ಟರಲ್ಲಿ ಮೊದಲ ಅಕ್ಷರ ಹೋಗಿರುತ್ತದೆ. ಕನ್ನಡದಲ್ಲಿ ಕಡತವನ್ನು ಇಟ್ಟುಕೊಳ್ಳುವ ಬಟನ್ ‘ಉಳಿಸು’, ತೆಗೆದುಹಾಕುವ ಬಟನ್ ‘ಅಳಿಸು’. ಮೊದಲಕ್ಷರ ನುಂಗಿದರೆ ಎರಡೂ ‘ಳಿಸು’ ಎಂದೇ ಕೇಳುತ್ತವೆ. ಕಾಣದವರ ಒಂದು ದಿನದ ಕೆಲಸ ಆ ಒಂದು ಅಕ್ಷರದ ಮೇಲೆ ನಿಂತಿರುತ್ತದೆ.

ಪರಿಹಾರ: ಇಟಿಸಿ ಫೋಲ್ಡರಿನೊಳಗಿನ ಮಾಡ್‌ಪ್ರೋಬ್ ಡಾಟ್ ಡಿ ಫೋಲ್ಡರಿನಲ್ಲಿ, ಹೆಸರು ಡಾಟ್ ಸಿ ಓ ಎನ್ ಎಫ್ ಎಂದು ಮುಗಿಯುವ ಹೊಸ ಕಡತ ಮಾಡಿ ಒಂದೇ ಸಾಲು ಬರೆಯಿರಿ. ಆಪ್ಷನ್ಸ್, ಸ್ಪೇಸ್, ಎಸ್ ಎನ್ ಡಿ ಅಂಡರ್‌ಸ್ಕೋರ್ ಎಚ್ ಡಿ ಎ ಅಂಡರ್‌ಸ್ಕೋರ್ ಇಂಟೆಲ್, ಸ್ಪೇಸ್, ಪವರ್ ಅಂಡರ್‌ಸ್ಕೋರ್ ಸೇವ್, ಸಮ ಚಿಹ್ನೆ, ಸೊನ್ನೆ. ಉಳಿಸಿ, ಯಂತ್ರವನ್ನು ಮರುಪ್ರಾರಂಭಿಸಿ. ಆಮೇಲೂ ನುಂಗುತ್ತಿದ್ದರೆ, ಪೈಪ್‌ವೈರನ್ನು ನಿಯಂತ್ರಿಸುವ ವೈರ್‌ಪ್ಲಂಬರ್‌ನ ಸೆಟ್ಟಿಂಗ್‌ನಲ್ಲಿ ಸಸ್ಪೆಂಡ್ ಟೈಮ್‌ಔಟ್ 5 ಸೆಕೆಂಡ್ ಇರುವುದನ್ನು ಸೊನ್ನೆ ಮಾಡಬೇಕು. ಬ್ಲೂಟೂತ್ ಹೆಡ್‌ಫೋನಿನಲ್ಲಿ ಈ ನುಂಗಾಟ ಪೂರ್ತಿ ಹೋಗುವುದು ಕಷ್ಟ. ಲೆಕ್ಕಪತ್ರದಂಥ ಕೆಲಸಕ್ಕೆ ತಂತಿ ಇರುವುದನ್ನೇ ಬಳಸಿ.

ಪಾಸ್‌ವರ್ಡ್ ಒಪ್ಪದಿದ್ದರೆ, ಓರ್ಕಾ ಕೀ ಕೆಲಸ ಮಾಡದಿದ್ದರೆ

ಲಾಗಿನ್ ಪರದೆ ನಿಮ್ಮ ಖಾತೆಯದ್ದಲ್ಲ, ಅದನ್ನು ನಡೆಸುವುದು ಬೇರೊಂದು ಖಾತೆ. ಹಾಗಾಗಿ ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ಓರ್ಕಾ ಇದ್ದ ಮಾತ್ರಕ್ಕೆ ಅಲ್ಲಿ ಇರಬೇಕೆಂದಿಲ್ಲ. ಗ್ನೋಮ್‌ನಲ್ಲಿ ಅಲ್ಲಿಯೂ ಆಲ್ಟ್, ಸೂಪರ್, ಎಸ್ ಒಮ್ಮೆ ಒತ್ತಿ. ಪಾಸ್‌ವರ್ಡ್ ಸರಿಯಿದ್ದೂ ಒಪ್ಪುತ್ತಿಲ್ಲ ಎಂದರೆ ಎರಡು ಕಾರಣ ನೋಡಿ. ಒಂದು, ಕ್ಯಾಪ್ಸ್ ಲಾಕ್. ಲ್ಯಾಪ್‌ಟಾಪ್ ವಿನ್ಯಾಸದಲ್ಲಿ ಅದನ್ನು ಬೇಗ ಬೇಗ ಎರಡು ಸಲ ಒತ್ತಿದರೆ ನಿಜವಾದ ಕ್ಯಾಪ್ಸ್ ಲಾಕ್ ಆನ್ ಆಗುತ್ತದೆ. ಇನ್ನೊಂದು, ಕೀಬೋರ್ಡ್ ಕನ್ನಡಕ್ಕೆ ತಿರುಗಿರುವುದು. ಸೂಪರ್ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷಿಗೆ ತಂದು ಮತ್ತೆ ಹಾಕಿ.

ಪರದೆ ನಡೆಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಸೆಷನ್‌ನಲ್ಲಿ ಓರ್ಕಾ ಮಾತಾಡಿದರೂ ಅದರ ಕೀಗಳು, ಅದರಲ್ಲೂ ಕ್ಯಾಪ್ಸ್ ಲಾಕ್, ನೆಟ್ಟಗೆ ಕೆಲಸ ಮಾಡದ ದೋಷ ಬಹಳ ಕಾಲ ಇತ್ತು. 2025ರ ಗ್ನೋಮ್ 48ರಲ್ಲಿ ಅದು ಸರಿಹೋಯಿತು. ಡೆಬಿಯನ್ 13ರಲ್ಲಿ ಇರುವುದು ಅದೇ. ಅದಕ್ಕಿಂತ ಹಳೆಯದನ್ನು ಬಳಸುವವರು ಲಾಗಿನ್ ಆಗುವಾಗ ಹಳೆಯ ವ್ಯವಸ್ಥೆಯಾದ ಎಕ್ಸ್‌ಆರ್ಗ್ ಸೆಷನ್ ಆರಿಸಿಕೊಳ್ಳಿ.

ಒಂದು ಕಾರ್ಯಕ್ರಮ ಮಾತ್ರ ಮೌನವಾದರೆ

ಡೆಸ್ಕ್‌ಟಾಪ್ ಮಾತಾಡಿ ಕ್ರೋಮಿಯಂ ಬ್ರೌಸರ್ ಮಾತಾಡದಿದ್ದರೆ, ಓರ್ಕಾ ಬರುವ ಮೊದಲೇ ಅದು ತೆರೆದಿರಬೇಕು. ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಆಗದಿದ್ದರೆ ಹೈಫನ್ ಹೈಫನ್ ಫೋರ್ಸ್ ಹೈಫನ್ ರೆಂಡರರ್ ಹೈಫನ್ ಆಕ್ಸೆಸಿಬಿಲಿಟಿ ಎಂದು ಸೇರಿಸಿ ತೆರೆಯಿರಿ. ಹೊಸಬರಿಗೆ ಫೈರ್‌ಫಾಕ್ಸ್ ಸಾಕು. ರೂಟ್ ಅಧಿಕಾರದಲ್ಲಿ ತೆರೆಯುವ, ಡಿಸ್ಕ್ ಭಾಗ ಮಾಡುವ ಜಿಪಾರ್ಟೆಡ್‌ನಂಥವು ನಿಮ್ಮ ಖಾತೆಯ ಓರ್ಕಾಗೆ ಸಿಗದೆ ಮೌನವಾಗಿ ಉಳಿಯುವುದುಂಟು. ಆ ಕೆಲಸ ಟರ್ಮಿನಲ್‌ನಲ್ಲೇ ಸುರಕ್ಷಿತ.

ಕನ್ನಡ ಓದದಿದ್ದರೆ

ಓರ್ಕಾ ಕೀ ಮತ್ತು ಸ್ಪೇಸ್ ಒತ್ತಿದರೆ ಆದ್ಯತೆಗಳ ಕಿಟಕಿ ತೆರೆಯುತ್ತದೆ. ಧ್ವನಿ ವಿಭಾಗದಲ್ಲಿ ಇಸ್ಪೀಕ್ ಎನ್‌ಜಿ ಆರಿಸಿ, ಭಾಷೆ ಕನ್ನಡ ಮಾಡಿ. ಲಿಂಕುಗಳಿಗೆ, ದೊಡ್ಡಕ್ಷರಕ್ಕೆ, ಓರ್ಕಾದ ಸ್ವಂತ ಮಾತಿಗೆ ಬೇರೆ ಬೇರೆ ಧ್ವನಿ ಇಡಬಹುದಾದ್ದರಿಂದ ಒಂದನ್ನು ಮಾತ್ರ ಬದಲಿಸಿ ಉಳಿದದ್ದು ಹಳೆಯ ಧ್ವನಿಯಲ್ಲೇ ಕೇಳಿದರೆ ಗಾಬರಿ ಬೇಡ. ಇಸ್ಪೀಕ್‌ನಲ್ಲಿ ಕೊಂಕಣಿಯೂ ಇದೆ, ಅದರ ಸಂಕೇತ ಕೆ ಓ ಕೆ. ಧ್ವನಿ ಯಾಂತ್ರಿಕವಾಗಿದೆ, ಮೊದಲ ವಾರ ಕಿವಿ ಒಗ್ಗುವುದಿಲ್ಲ. ವೇಗವನ್ನು ಕಡಿಮೆ ಇಟ್ಟು ಶುರು ಮಾಡಿ.

ಧ್ವನಿ ಸರಿಯಿದ್ದೂ ಕೆಲವು ಕಡತಗಳಲ್ಲಿ ಮಾತ್ರ ‘ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್’ ಎಂದು ಓದಿದರೆ ಆ ಕಡತ ಯೂನಿಕೋಡ್‌ನಲ್ಲಿಲ್ಲ. ಅದು ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಬರೆದದ್ದು. ಪಿ ಮತ್ತು ಎ ಗ್ರೇವ್ ಸೇರಿ ‘ಕ’, ಪೌಂಡ್ ಮತ್ತು ಎ ಗ್ರೇವ್ ಸೇರಿ ‘ನ’. ಕಣ್ಣಿಗೆ ಫಾಂಟ್ ಅದನ್ನು ಕನ್ನಡದಂತೆ ತೋರಿಸುತ್ತದೆ, ಒಳಗಿರುವುದು ಇಂಗ್ಲಿಷ್ ಚಿಹ್ನೆಗಳೇ. ಓರ್ಕಾದ ತಪ್ಪು ಇದರಲ್ಲಿ ಏನೂ ಇಲ್ಲ. ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿದರೆ ಸರಾಗವಾಗಿ ಓದುತ್ತದೆ. ಸ್ಕ್ಯಾನ್ ಮಾಡಿದ ಪಹಣಿ, ನೋಟಿಸುಗಳು ಬರೀ ಚಿತ್ರಗಳು. ಅವಕ್ಕೆ ಚಿತ್ರದಿಂದ ಅಕ್ಷರ ತೆಗೆಯುವ ಟೆಸರಾಕ್ಟ್ ಮತ್ತು ಅದರ ಕನ್ನಡ ಪ್ಯಾಕೇಜ್ ಬೇಕು, ಭಾಷಾ ಸಂಕೇತ ಕೆ ಎ ಎನ್. ಓದಿದ್ದರಲ್ಲಿ ಸರ್ವೆ ನಂಬರ್ ಮತ್ತು ಹಣದ ಅಂಕಿಗಳನ್ನು ಮಾತ್ರ ಇನ್ನೊಬ್ಬರಿಂದ ತಾಳೆ ನೋಡಿಸಿ.

ಮಾತು ಇರುವಾಗಲೇ ಮಾಡಿಡಬೇಕಾದದ್ದು

ಎಸ್‌ಎಸ್‌ಎಚ್ ಸರ್ವರ್ ಹಾಕಿದ್ದರೆ, ಲ್ಯಾಪ್‌ಟಾಪ್ ಪೂರ್ತಿ ಮೂಕಾದಾಗಲೂ ಅದೇ ವೈಫೈನಲ್ಲಿರುವ ಮೊಬೈಲಿನಿಂದ ಒಳಗೆ ಹೋಗಿ ಇಲ್ಲಿನ ಹೆಚ್ಚಿನ ಕಮಾಂಡ್‌ಗಳನ್ನು ಕೊಡಬಹುದು. ಆಂಡ್ರಾಯ್ಡ್‌ನಲ್ಲಿ ಟರ್ಮಕ್ಸ್ ಆ್ಯಪ್, ಅದರೊಳಗೆ ಓಪನ್‌ಎಸ್‌ಎಸ್‌ಎಚ್ ಪ್ಯಾಕೇಜ್ ಇದ್ದರೆ ಸಾಕು, ಓದಲು ಟಾಕ್‌ಬ್ಯಾಕ್ ಇದ್ದೇ ಇದೆ. ಅದಕ್ಕೆ ಯಂತ್ರದ ಐಪಿ ವಿಳಾಸ ಗೊತ್ತಿರಬೇಕು: ಹೋಸ್ಟ್‌ನೇಮ್, ಸ್ಪೇಸ್, ಹೈಫನ್, ದೊಡ್ಡಕ್ಷರದ ಐ. ಬಂದ ಸಂಖ್ಯೆಯನ್ನು ಬಳಕೆದಾರ ಹೆಸರಿನ ಜೊತೆ ಮೊಬೈಲಿನಲ್ಲಿ ಬರೆದಿಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ರೂಟರ್ ಮತ್ತೆ ಶುರುವಾದಾಗ ಈ ವಿಳಾಸ ಬದಲಾಗುವುದುಂಟು, ರೂಟರ್‌ನಲ್ಲಿ ಅದನ್ನು ಈ ಲ್ಯಾಪ್‌ಟಾಪ್‌ಗೇ ಕಾಯ್ದಿರಿಸಿದರೆ ಆ ತೊಂದರೆ ಇರುವುದಿಲ್ಲ. ಸೌಂಡಿಗೆ ಸಂಬಂಧಿಸಿದ ಕಮಾಂಡ್‌ಗಳನ್ನು ಹೀಗೆ ಕೊಡುವಾಗ ಲ್ಯಾಪ್‌ಟಾಪ್‌ನಲ್ಲೂ ನಿಮ್ಮ ಖಾತೆ ಲಾಗಿನ್ ಆಗಿರಬೇಕು.